ಮದುವೆಗೆ ಮುಂಚಿನ ಹುಣ್ಣು

ನವೆಂಬರ್ 3, ಸೋಮವಾರ. ಪಡುವಣ ಗಾಳಿ, ಮಂದ.

ಇಂದು ಬೇಲಿಯಿಂದ ಎತ್ತಿದ್ದು ಹದಿನಾಲ್ಕು ಆಕ್ಟೋಪಸ್, ಒಂದು ಬುಟ್ಟಿ ಮೀನು. ಪಕ್ಕದವನ ಬೇಲಿಯಲ್ಲಿ ನಾಲ್ಕೇ ನಾಲ್ಕು. ನಮ್ಮ ಇಡೀ ಅತ್ತಾಯ ಊರಿನಲ್ಲಿ, ಅಷ್ಟೇಕೆ ಈ ಕರ್ಕೆನ್ನಾ ದ್ವೀಪದಲ್ಲೇ, ನನ್ನಷ್ಟು ನೆಟ್ಟಗೆ ಸಮುದ್ರದೊಳಗೆ ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟುವವರು ಇನ್ನೊಬ್ಬರಿಲ್ಲ. ಇದು ನಾನು ಹೇಳಿಕೊಳ್ಳುವ ಮಾತಲ್ಲ. ಮೀನುಗಳೇ ಬಂದು ಸಾಕ್ಷಿ ಹೇಳುತ್ತವೆ.

ಡಿಸೆಂಬರ್ ಐದಕ್ಕೆ ಮದುವೆ. ಹೆಂಡತಿ ಸಾಲ್ಹಾ ತೀರಿಕೊಂಡು ಎಂಟು ವರ್ಷವಾದ ಮೇಲೆ, ನನ್ನ ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಮೆಹರ್ಜಿಯಾ ನನ್ನನ್ನು ಒಪ್ಪಿದ್ದಾಳೆ. ಅವಳೂ ವಿಧವೆ. ನೀರು ಇಳಿದಾಗ ಚಿಪ್ಪು ಹೆಕ್ಕಲು ಹೋಗುವ ಹೆಂಗಸರಿಗೆಲ್ಲ ಅವಳೇ ನಾಯಕಿ. ಅವಳ ನಾಲಿಗೆಗೆ ಸಮುದ್ರವೇ ಅಂಜಿ ಹಿಂದೆ ಸರಿಯುತ್ತದೆ ಎಂದು ಊರಿನವರು ನಗುತ್ತಾರೆ. ಅಂಥವಳು ಒಪ್ಪಿದ್ದು ಯಾರನ್ನು? ಈ ಫರ್ಜಾನಿಯನ್ನು!

ನಿನ್ನೆ ತಿಂದ ಖಾರದ ಸಾರಿಗೆ ಹೊಟ್ಟೆ ಕೆಟ್ಟಿತ್ತು. ಕಾಫಿ ಅಂಗಡಿಯ ಬೂಬಕ್ಕರ್ ತನ್ನ ಬಿಸ್ಕತ್ ಡಬ್ಬ ತೆಗೆದ. ಊರಿನವರೆಲ್ಲ ತಮ್ಮ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಆ ಡಬ್ಬಕ್ಕೆ ಹಾಕುತ್ತಾರೆ, ಬೇಕಾದವರು ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಾರೆ.

"ಈ ಬಿಳೀದು ತಗೋ. ಹೋದ ಚಳಿಗಾಲದಲ್ಲೂ ಇದೇ ಕೊಟ್ಟಿದ್ದೆ, ಮಾರನೇ ದಿನ ಎದ್ದು ಕುಣೀತಿದ್ದೆ ನೀನು."

ಎರಡು ನುಂಗಿದೆ. ಹೊಟ್ಟೆ ತೆಪ್ಪಗಾಯಿತು.

ನವೆಂಬರ್ 4, ಮಂಗಳವಾರ. ಗಾಳಿ ಅದೇ.

ಮೀನಿನ ಲೆಕ್ಕಕ್ಕೆಂದು ಇಟ್ಟ ಪುಸ್ತಕದಲ್ಲಿ ಇಂಥದ್ದನ್ನು ಬರೆಯುವುದೇ? ಆದರೆ ಹೇಳಿಕೊಳ್ಳಲು ಬೇರೆ ಯಾರಿದ್ದಾರೆ.

ಬೆಳಿಗ್ಗೆ ಸ್ನಾನ ಮಾಡುವಾಗ ಉರಿಯಿತು. ನೋಡಿದರೆ ಶಿಶ್ನದ ತುದಿಯ ಹತ್ತಿರ ಒಂದು ದುಂಡನೆಯ ಕೆಂಪು ಕಲೆ. ಮಧ್ಯಾಹ್ನದ ಹೊತ್ತಿಗೆ ಅದರ ನಡುವೆ ಬೊಬ್ಬೆ ಎದ್ದು ಒಡೆದು ಹುಣ್ಣಾಗಿದೆ. ಆಲಿವ್ ಬೀಜದಷ್ಟು.

ಒದ್ದೆ ಚಡ್ಡಿಯ ಹೊಲಿಗೆ ಉಜ್ಜಿರಬೇಕು. ಅಥವಾ ಮರಳು. ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಲ್ಲುವ ಗಂಡಸಿಗೆ ಇದೆಲ್ಲ ಇದ್ದದ್ದೇ. ಆಲಿವ್ ಎಣ್ಣೆ ಹಚ್ಚಿದೆ.

ನವೆಂಬರ್ 6, ಗುರುವಾರ. ಗಾಳಿ ಬರೆಯಲು ಮರೆತೆ.

ಹೊಲಿಗೆಯಲ್ಲ, ಮರಳೂ ಅಲ್ಲ. ಇಪ್ಪತ್ತು ವರ್ಷದಿಂದ ಅದೇ ಚಡ್ಡಿ, ಅದೇ ಮರಳು.

ಪಕ್ಕದ ಊರು ರಮ್ಲಾದ ಆರೋಗ್ಯ ಕೇಂದ್ರಕ್ಕೆ ಹೋಗೋಣವೆಂದರೆ ಅಲ್ಲಿ ಚೀಟಿ ಬರೆಯುವವಳು ನನ್ನ ಅಣ್ಣನ ಮಗಳು ರೀಮ್. "ಚಿಕ್ಕಪ್ಪ, ಏನಾಗಿದೆ?" ಎಂದು ಕೇಳುತ್ತಾಳೆ. ಏನೆಂದು ಬರೆಸಲಿ?

ಸಂಜೆ ಕಾಫಿ ಅಂಗಡಿಯಲ್ಲಿ ಬೂಬಕ್ಕರ್ ಎಲ್ಲರ ಮುಂದೆ ಶುರುಮಾಡಿದ.

"ಮದುಮಗ ಯಾಕೋ ಕಾಲು ಅಗಲ ಮಾಡ್ಕೊಂಡು ನಡೀತಿದಾನೆ! ಲೇ ಫರ್ಜಾನಿ, ತ್ರಾಪನಿಯ ಆ ಬೇಕರಿಯವಳು ನೆನಪಾದ್ಲೇನೋ?"

"ಬೇಕರಿಯವಳೊಬ್ಬಳೇನಾ," ಎಂದ ಇನ್ನೊಬ್ಬ, "ಹಡಗಿನ ಯಜಮಾನನ ವಿಧವೆ? ಆ ಅಕ್ಕ ತಂಗಿ? ಇವ್ನು ಇಟಲಿ ಬಿಟ್ಟು ಬಂದ ದಿನ ಅಲ್ಲಿ ಮೂರು ಬೀದಿ ಅತ್ವಂತೆ!"

ನಾನೂ ಮೀಸೆ ತಿರುವಿದೆ. "ಮೂರಲ್ಲ, ನಾಲ್ಕು ಬೀದಿ," ಎಂದೆ. ಎಲ್ಲರೂ ನಕ್ಕರು. ಮೂವತ್ತು ವರ್ಷದಿಂದ ನಾನೇ ಸಾಕಿದ ಕಥೆಗಳು. ಇಂದು ಮೊದಲ ಸಲ, ಹೇಳಿದ ಮೇಲೆ ಕಾಫಿ ಮುಗಿಸದೆ ಮನೆಗೆ ಬಂದೆ.

ನವೆಂಬರ್ 8, ಶನಿವಾರ. ಬಡಗಣ ಗಾಳಿ.

ಒಣಗುತ್ತಿದೆ! ಕಪ್ಪಗಾಗಿ ಸಿಪ್ಪೆ ಕಟ್ಟಿದೆ. ನನ್ನ ರಕ್ತವೇ ಅಂಥದ್ದು, ಗಾಯ ನಿಲ್ಲಲು ಬಿಡುವುದಿಲ್ಲ. ಬೇರು ಸಮೇತ ಹೋಗಲಿ ಎಂದು ಬೂಬಕ್ಕರನ ಡಬ್ಬದಿಂದ ಆ ಬಿಳಿ ಮಾತ್ರೆ ಮತ್ತೆರಡು ತಂದು ನುಂಗಿದೆ. ಯಾವ ಗಾಯಕ್ಕಾದರೂ ಆಗುತ್ತದೆ ಎಂದ.

ನವೆಂಬರ್ 9, ಭಾನುವಾರ.

ಅದೇ ಜಾಗ. ಮೊದಲಿನ ಎರಡರಷ್ಟು. ಬೆಂಕಿ.

ನವೆಂಬರ್ 10, ಸೋಮವಾರ. ಬೇಲಿಗೆ ಹೋಗಲಿಲ್ಲ.

ರಮ್ಲಾದ ಗಿಡಮೂಲಿಕೆ ಅಂಗಡಿಗೆ ಹೋದೆ. ಅಂಗಡಿಯ ಮುದುಕ ತಾಹರ್‌ನಿಗೆ ನನ್ನ ಹುಣ್ಣು ಎನ್ನಲು ಬಾಯಿ ಬರಲಿಲ್ಲ. ಕತ್ತೆಗೆ ಎಂದೆ.

"ಕತ್ತೆಗೆ ಎಲ್ಲಿ ಹುಣ್ಣು?"

"ಹಿಂದಿನ ಕಾಲ ಸಂದೀಲಿ."

"ನಿನ್ನ ಕತ್ತೆ ಸತ್ತು ನಾಲ್ಕು ವರ್ಷ ಆಯ್ತಲ್ಲೋ."

"ತಮ್ಮನ ಕತ್ತೆ."

ಮೈಲುತುತ್ತ ಅರೆದು ಪುಡಿ ಕಟ್ಟಿಕೊಟ್ಟ. "ಚೆನ್ನಾಗಿ ಒತ್ತಿ ಹಚ್ಚು. ಒದೀತದೆ, ಕಟ್ಟಿಹಾಕಿ ಹಚ್ಚು," ಎಂದ.

ನವೆಂಬರ್ 11, ಮಂಗಳವಾರ.

ಒದೆಯುವುದು ನಿಜ.

ನವೆಂಬರ್ 13, ಗುರುವಾರ. ಮೂಡಣ ಗಾಳಿ, ಜೋರು.

ಎರಡು ದಿನ ಹಾಸಿಗೆಯಲ್ಲೇ ಇದ್ದೆ. ನಿಂತರೂ ಉರಿ, ಕೂತರೂ ಉರಿ. ನೀಲಿ ಪುಡಿ ತೊಳೆದರೂ ಅದು ಸುಟ್ಟದ್ದು ಹೋಗಲಿಲ್ಲ.

ಮೆಹರ್ಜಿಯಾ ಬಾರ್ಲಿ ಗಂಜಿ ತಂದು ಬಾಗಿಲಲ್ಲೇ ನಿಂತಳು.

"ಏನ್ ಸಾಹೇಬ್ರೇ, ನಾಲ್ಕು ಬೀದಿ ಅಳಿಸಿದವರು ಹಾಸಿಗೆ ಹಿಡಿದಿದ್ದೀರಂತೆ?"

"ಸೊಂಟ ಹಿಡ್ಕೊಂಡಿದೆ."

"ಸೊಂಟನಾ? ಸರಿ. ಪುರಸಭೆ ಗುಮಾಸ್ತ ಕೇಳ್ತಿದ್ದ, ವೈದ್ಯರ ಪತ್ರ ಎಲ್ಲಿ ಅಂತ. ಇಬ್ಬರದ್ದೂ ಇಪ್ಪತ್ತೆಂಟಕ್ಕೆ ಕೊಡ್ಬೇಕಂತೆ. ಇಲ್ದಿದ್ರೆ ಮದುವೆ ಬರೆಯಲ್ವಂತೆ."

ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರೂ ವೈದ್ಯರಿಂದ ಪರೀಕ್ಷೆ ಮಾಡಿಸಿಕೊಂಡ ಪತ್ರ ಕೊಡಬೇಕು. ಅದು ನನಗೆ ಗೊತ್ತೇ ಇತ್ತು. ಈ ಹತ್ತು ದಿನದಿಂದ ಗೊತ್ತಿಲ್ಲದವನ ಹಾಗೆ ಇದ್ದೆ.

ಅವಳು ಹೋದ ಮೇಲೆ ಗಂಜಿ ಆರಿತು. ಇನ್ನು ಬರೆದುಬಿಡುತ್ತೇನೆ.

ಬೇಕರಿಯವಳು ಇರಲಿಲ್ಲ. ವಿಧವೆ ಇರಲಿಲ್ಲ. ಅಕ್ಕ ತಂಗಿ ಇರಲಿಲ್ಲ. ತ್ರಾಪನಿಯಲ್ಲಿ ಎರಡು ವರ್ಷ ನಾನು ಮಾಡಿದ್ದು ಮೀನಿಗೆ ಉಪ್ಪು ತುಂಬುವ ಕೆಲಸ. ಒಂದು ಕೋಣೆ, ಹನ್ನೊಂದು ಜನ ಗಂಡಸರು. ಇಟಲಿಯ ಹೆಂಗಸರು ಮೂಗು ಮುಚ್ಚಿಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದರು.

ಆದರೆ ಒಬ್ಬಳಿದ್ದಳು. ಅವಳ ಬಗ್ಗೆ ಯಾರಿಗೂ ಹೇಳಿಲ್ಲ. ಅಪ್ಪ ಸತ್ತರು ಎಂದು ಪತ್ರ ಬಂದಾಗ ಮಣ್ಣು ಮಾಡಿ ಹದಿನೆಂಟು ದಿನವಾಗಿತ್ತು. ಆ ಸಂಜೆ ಬಂದರಿನ ಹಿಂದಿನ ಓಣಿಯಲ್ಲಿ ಹಣ ಕೊಟ್ಟು ಅವಳ ಹತ್ತಿರ ಹೋದೆ. ಒಂದೇ ಸಲ. ಆಗ ಸಾಲ್ಹಾಳೊಂದಿಗೆ ಮದುವೆಯ ಮಾತಾಗಿತ್ತು. ನಾಲ್ಕು ತಿಂಗಳಿಗೆ ಊರಿಗೆ ಬಂದು ಮದುವೆಯಾದೆ.

ಸಾಲ್ಹಾಳಿಗೆ ಎರಡು ಮಕ್ಕಳು ಹೊಟ್ಟೆಯಲ್ಲೇ ಹೋದವು. ಒಂದು ಐದು ತಿಂಗಳಿಗೆ, ಒಂದು ಆರಕ್ಕೆ. ಆಮೇಲೆ ಆಗಲಿಲ್ಲ. ಜನ ಅವಳ ಕಡೆಗೆ ನೋಡುತ್ತಿದ್ದರು. ನಾನೂ ಅವರನ್ನು ತಡೆಯಲಿಲ್ಲ.

ಆ ಓಣಿಯ ಕಾಯಿಲೆ ಮೈಯೊಳಗೆ ವರ್ಷಗಟ್ಟಲೆ ಮಲಗಿರುತ್ತದೆ, ಹೆಂಡತಿಗೆ ಅಂಟುತ್ತದೆ, ಹೊಟ್ಟೆಯ ಕೂಸನ್ನು ತೆಗೆಯುತ್ತದೆ ಎಂದು ಆಗ ಆ ಕೋಣೆಯಲ್ಲಿ ಹೇಳುತ್ತಿದ್ದರು. ಈಗ ಅದು ಎದ್ದಿದ್ದರೆ?

ಈಗ ಮೆಹರ್ಜಿಯಾ.

ನವೆಂಬರ್ 17, ಸೋಮವಾರ. ಸಮುದ್ರ ಶಾಂತ.

ಸ್ಫಾಕ್ಸ್ ಪಟ್ಟಣಕ್ಕೆ ಹೋದೆ. ಅಲ್ಲಿ ನನ್ನನ್ನು ಗುರುತಿಸುವವರಿಲ್ಲ ಎಂದುಕೊಂಡು ಹಡಗು ಹತ್ತಿದರೆ ಅರ್ಧ ಅತ್ತಾಯವೇ ಅದರೊಳಗೆ ಕೂತಿತ್ತು.

"ಎಲ್ಲಿಗೆ ಚಿಕ್ಕಪ್ಪ?" ಎಂದ ಊರಿನ ಹುಡುಗನೊಬ್ಬ.

"ಮದುವೆ ಬಟ್ಟೆಗೆ."

"ಒಬ್ಬನೇ ಹೋಗಿ ಬಟ್ಟೆ ಆರಿಸ್ತೀಯಾ? ನಾನೂ ಬರ್ತೀನಿ ತಾಳು!"

ಅವನನ್ನು ಮಾರುಕಟ್ಟೆಯ ಜನಸಂದಣಿಯಲ್ಲಿ ಕಳೆದುಕೊಳ್ಳಲು ಮುಕ್ಕಾಲು ಗಂಟೆ ಬೇಕಾಯಿತು. ಕಾಲು ಅಗಲಿಸಿ ಓಡಿದ್ದು ನಾನೊಬ್ಬನೇ ಇರಬೇಕು.

ಚರ್ಮರೋಗದ ವೈದ್ಯರ ಬಾಗಿಲಿನ ಮುಂದೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಒಳಗೆ ಕೂತವರು ಹೆಂಗಸು, ನಲವತ್ತರ ಆಸುಪಾಸು. ಅಲ್ಲೇ ಜೀವ ಅರ್ಧ ಹೋಯಿತು.

"ಏನ್ ತೊಂದ್ರೆ?"

"ಕೈಯಲ್ಲಿ ತುರಿಕೆ, ಡಾಕ್ಟರಮ್ಮ."

ಎರಡೂ ಕೈ ತಿರುಗಿಸಿ ನೋಡಿದರು. "ಕೈ ಚೆನ್ನಾಗಿದೆ. ಇನ್ನು ಯಾಕೆ ಬಂದ್ರಿ ಹೇಳಿ."

ಸುಮ್ಮನೆ ಕೂತೆ. ಅವರೂ ಸುಮ್ಮನೆ ಕೂತರು. ಕೊನೆಗೆ ಹೇಳಿದೆ.

"ಯಾವೂರು?"

"ಅತ್ತಾಯ."

"ಹೌದಾ! ನಮ್ಮಮ್ಮ ರಮ್ಲಾದವರು."

ಉಳಿದರ್ಧ ಜೀವವೂ ಹೋಯಿತು. ಅದು ಅವರಿಗೆ ಕಂಡಿರಬೇಕು. "ಹೆದರ್ಬೇಡಿ ಮಾವ. ಈ ಕೋಣೇಲಿ ಕೇಳಿದ್ದನ್ನ ಅಮ್ಮಂಗೆ ಹೇಳಲ್ಲ. ಅವ್ರ ಕಿವಿಗೆ ಬಿದ್ರೆ ನಿಮ್ಮ ಹಡಗಿಗಿಂತ ಮೊದ್ಲೇ ದ್ವೀಪ ಮುಟ್ಟುತ್ತೆ."

ನೋಡಿದರು. ನಾನು ಛಾವಣಿ ನೋಡಿದೆ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ನೋವಿದೆಯಾ, ಉರಿಯಿದೆಯಾ, ತೊಡೆಸಂದಿನಲ್ಲಿ ಗೆಡ್ಡೆ ಕಟ್ಟಿದೆಯಾ, ಜ್ವರ ಬಂದಿತ್ತಾ, ಬಾಯಲ್ಲಿ ಪದೇ ಪದೇ ಹುಣ್ಣಾಗುತ್ತಾ, ಕಣ್ಣು ಕೆಂಪಾಗುತ್ತಾ. ಅಲ್ಲಿಗೂ ಕಣ್ಣಿಗೂ ಏನು ಸಂಬಂಧ ಎಂದೆ. ಹಾಗೆ ಸಂಬಂಧ ಇರುವ ಕಾಯಿಲೆಯೂ ಉಂಟು ಎಂದರು.

"ಈ ನೀಲಿ ಕಲೆ ಏನು?"

"ಮೈಲುತುತ್ತ."

"ಯಾರಿಗೆ ಅಂತ ಕೊಟ್ಟಿದ್ದು?"

"ಕತ್ತೆಗೆ."

ತುಟಿ ಕಚ್ಚಿಕೊಂಡರು. "ಕತ್ತೆ ಹೇಗಿದೆ ಈಗ?"

"ಕತ್ತೆ ಇಲ್ಲ, ಡಾಕ್ಟರಮ್ಮ."

ಆಮೇಲೆ ಪೆನ್ನು ಹಿಡಿದು ಕೇಳಿದರು. "ಹೆಂಡತಿ ಬಿಟ್ಟು ಬೇರೆ ಯಾರ ಜೊತೆನಾದ್ರೂ ಸಂಬಂಧ ಇತ್ತಾ? ಬೈಯೋಕೆ ಕೇಳ್ತಿಲ್ಲ. ಯಾವ ಪರೀಕ್ಷೆ ಮಾಡಿಸ್ಬೇಕು ಅಂತ ಗೊತ್ತಾಗ್ಬೇಕು, ಅದಕ್ಕೆ."

ಬೇಕರಿಯವಳು, ವಿಧವೆ, ಅಕ್ಕ ತಂಗಿ, ಎಲ್ಲರೂ ಸಾಲಾಗಿ ನಾಲಿಗೆಯ ತುದಿಗೆ ಬಂದರು. "ಒಬ್ಬಳು," ಎಂದೆ. "ಒಂದೇ ಸಲ. ಇಪ್ಪತ್ತೊಂಬತ್ತು ವರ್ಷ ಆಯ್ತು."

"ಆಮೇಲೆ?"

"ಸಾಲ್ಹಾ. ನನ್ನ ಹೆಂಡತಿ."

"ಅವರ ನಂತರ?"

"ಯಾರೂ ಇಲ್ಲ."

ಇಷ್ಟು ಚಿಕ್ಕ ಪಟ್ಟಿಯನ್ನು ನಾನು ಜೀವಮಾನದಲ್ಲಿ ಒಪ್ಪಿಸಿರಲಿಲ್ಲ. ಅವರು ಬರೆದುಕೊಂಡರು, ಅಷ್ಟೇ.

ಆ ಜಾಗದ ಹುಣ್ಣಿಗೆ ಕಾರಣ ಒಂದಲ್ಲ ಎಂದು ಬಿಡಿಸಿ ಹೇಳಿದರು. ಸಂಬಂಧದಿಂದ ಅಂಟುವ ಸಿಫಿಲಿಸ್ ಇರಬಹುದು, ಆದರೆ ಅದರ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಒಳಗೆ ಅಡಗಿದ್ದು ಮತ್ತೆ ಮತ್ತೆ ಏಳುವ ವೈರಸ್ ಇರಬಹುದು. ಉಜ್ಜಿದ ಗಾಯವಿರಬಹುದು. ತಿಂದ ಔಷಧಿಗೆ ಮೈ ಮುನಿಸಿಕೊಂಡಿರಬಹುದು. ವಾರಗಟ್ಟಲೆ ವಾಸಿಯಾಗದಿದ್ದರೆ ಕ್ಯಾನ್ಸರ್ ಕೂಡ ನೋಡಬೇಕಾಗುತ್ತದೆ. ಕಣ್ಣಿನಲ್ಲಿ ನೋಡಿ ಇಂಥದ್ದೇ ಎನ್ನಲು ಆಗದು ಎಂದರು.

"ಇತ್ತೀಚೆಗೆ ಏನ್ ಮಾತ್ರೆ ತಗೊಂಡ್ರಿ?"

"ನಾನು ಮಾತ್ರೆ ಮುಟ್ಟೋ ಗಂಡಸಲ್ಲ."

"ಹೊಟ್ಟೆಗೆ? ಹಲ್ಲಿಗೆ? ಪಕ್ಕದ್ಮನೆಯವ್ರು ಕೊಟ್ಟಿದ್ದು?"

ಬೂಬಕ್ಕರನ ಡಬ್ಬದ ಕಥೆ ಹೇಳಬೇಕಾಯಿತು. ಮೂರನೇ ತಾರೀಖು ಎರಡು, ನಾಲ್ಕಕ್ಕೆ ಹುಣ್ಣು. ಎಂಟಕ್ಕೆ ಎರಡು, ಒಂಬತ್ತಕ್ಕೆ ಮತ್ತೆ ಅದೇ ಜಾಗ. ಹೋದ ಚಳಿಗಾಲದಲ್ಲೂ ಆ ಮಾತ್ರೆ ತಿಂದ ಮೇಲೆ ಅಲ್ಲೇ ಎರಡು ದಿನ ತುರಿಸಿತ್ತು, ಕಪ್ಪು ಕಲೆ ಉಳಿದಿತ್ತು. ಅದು ಹೇಳುವಾಗಲೇ ನೆನಪಾದದ್ದು. ಫೋನಿನಲ್ಲಿ ಚಿತ್ರ ತೋರಿಸಿದರು. ಅದೇ ಬಿಳಿ ಮಾತ್ರೆ. ಸಲ್ಫಾ ಔಷಧಿಯಂತೆ. ಕೆಲವರಿಗೆ ಅದು ಪ್ರತಿ ಸಲವೂ ಮೈಯ ಅದೇ ಜಾಗದಲ್ಲಿ ಸುಡುತ್ತದಂತೆ.

"ನಂಗೆ ಇದರ ಮೇಲೇ ಅನುಮಾನ. ಇನ್ನು ಆ ಮಾತ್ರೆ ಮುಟ್ಲೇಬೇಡಿ, ಇನ್ನೊಂದ್ಸಲ ಇನ್ನೂ ಜೋರಾಗಿ ಬರಬಹುದು. ಆದ್ರೂ ರಕ್ತ ಪರೀಕ್ಷೆ ಆಗ್ಲಿ. ಅನುಮಾನ ಬೇರೆ, ಗೊತ್ತಾಗೋದು ಬೇರೆ."

ಆಗ ಸಾಲ್ಹಾಳ ಎರಡು ಮಕ್ಕಳ ವಿಷಯ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಆ ಕಾಯಿಲೆ ಒಮ್ಮೆ ಬಂದಿದ್ರೆ ಅದರ ಗುರುತು ರಕ್ತದಲ್ಲಿ ಹೆಚ್ಚುಕಮ್ಮಿ ಜೀವಮಾನವಿಡೀ ಇರುತ್ತೆ ಮಾವ. ಅದನ್ನೂ ನೋಡ್ತೀನಿ. ಒಂದು ವಾರ ಬಿಟ್ಟು ಬನ್ನಿ."

ನವೆಂಬರ್ 19, ಬುಧವಾರ.

ಡಾಕ್ಟರಮ್ಮ ಕೊಟ್ಟ ಮುಲಾಮಿನಿಂದ ಉರಿ ಕಡಿಮೆ. ಬೇರೇನೂ ಕಡಿಮೆಯಿಲ್ಲ. ಬೇಲಿಯಲ್ಲಿ ಏನು ಸಿಕ್ಕಿತು ಎಂದು ಎಣಿಸಲಿಲ್ಲ.

ನವೆಂಬರ್ 21, ಶುಕ್ರವಾರ.

ಮಸೀದಿಯಿಂದ ಬರುವಾಗ ಸಾಲ್ಹಾಳ ಸಮಾಧಿಯ ಹತ್ತಿರ ಕೂತೆ. ಪಕ್ಕದಲ್ಲಿ ಹೆಸರಿಲ್ಲದ ಎರಡು ಸಣ್ಣ ಕಲ್ಲುಗಳಿವೆ. ಏನೋ ಹೇಳಬೇಕೆಂದು ಹೋಗಿದ್ದೆ. ರಕ್ತದ ಫಲ ಗೊತ್ತಾಗದೆ ಏನು ಹೇಳಲಿ.

ಬೂಬಕ್ಕರನಿಗೆ ಆ ಬಿಳಿ ಮಾತ್ರೆ ನನಗೆ ಆಗುವುದಿಲ್ಲ, ಡಬ್ಬವನ್ನೇ ಎಸೆ ಎಂದೆ.

"ಊರಿಗೇ ಆಗತ್ತೆ, ನಿಂಗೆ ಮಾತ್ರ ಯಾಕಾಗಲ್ವೋ? ಇಟಲಿ ಹೊಟ್ಟೆಯೇನೋ ಅದು?"

ನಾನು ಒಂದು ಕಥೆಯನ್ನೂ ಹೊಡೆಯದೆ ಕಾಫಿ ಕುಡಿದದ್ದಕ್ಕೆ ಅಂಗಡಿಯೇ ಗಾಬರಿಯಾಯಿತು.

ನವೆಂಬರ್ 24, ಸೋಮವಾರ.

ಇಲ್ಲ.

ಯಾವುದೂ ಇಲ್ಲ. ಹೊಸದೂ ಇಲ್ಲ, ಹಳೆಯ ಗುರುತೂ ಇಲ್ಲ. ಡಾಕ್ಟರಮ್ಮ ಕಾಗದವನ್ನು ನನ್ನ ಕಡೆ ತಿರುಗಿಸಿ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದರು. ಹುಣ್ಣೂ ಮುಚ್ಚುತ್ತಿದೆ, ಕಪ್ಪು ಕಲೆ ಸ್ವಲ್ಪ ಕಾಲ ಉಳಿಯುತ್ತದೆ. ಸಾಲ್ಹಾಳ ಮಕ್ಕಳು ಹೋದದ್ದು ಆ ಕಾಯಿಲೆಯಿಂದಲ್ಲ. ಯಾತರಿಂದ ಎಂದು ಈಗ ಯಾರೂ ಹೇಳಲಾರರು ಎಂದರು.

ಅಲ್ಲೇ ಅತ್ತುಬಿಟ್ಟೆ. ಅವರು ಕಾಗದದ ಕರವಸ್ತ್ರದ ಪೆಟ್ಟಿಗೆ ಸರಿಸಿ, ನನ್ನ ಮದುವೆಯ ಪತ್ರಕ್ಕೆ ಸಹಿ ಹಾಕುತ್ತ ಕೂತರು.

ಪತ್ರ ಜೇಬಿನಲ್ಲಿದೆ. ಇನ್ನು ಮೆಹರ್ಜಿಯಾಳಿಗೆ ಏನನ್ನೂ ಹೇಳಬೇಕಾಗಿಲ್ಲ. ಹಡಗಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಇದನ್ನು ಹೇಳಿಕೊಂಡು ಬಂದೆ.

ನವೆಂಬರ್ 26, ಬುಧವಾರ. ಗಾಳಿಯಿಲ್ಲ. ದೊಡ್ಡ ಇಳಿತ.

ನೀರು ಬಹಳ ದೂರ ಸರಿದಿತ್ತು. ಹೆಂಗಸರು ಬಗ್ಗಿ ಚಿಪ್ಪು ಹೆಕ್ಕುತ್ತಿದ್ದರು. ಮೆಹರ್ಜಿಯಾ ಎಲ್ಲರಿಗಿಂತ ಮುಂದೆ, ಒಬ್ಬಳೇ ಇದ್ದಳು. ಕೆಸರಿನಲ್ಲಿ ಅವಳ ಹತ್ತಿರಕ್ಕೆ ನಡೆದೆ.

"ನಂಗೆ ಸೊಂಟ ಹಿಡಿದಿರ್ಲಿಲ್ಲ," ಎಂದೆ. "ಹುಣ್ಣಾಗಿತ್ತು."

"ಎಲ್ಲಿ?"

"ಹೇಳಕ್ಕಾಗದ ಜಾಗದಲ್ಲಿ."

ಚಿಪ್ಪು ಕೆದಕುತ್ತಿದ್ದ ಅವಳ ಕುಡುಗೋಲು ನಿಂತಿತು. "ಹೇಳಿ ಆಯ್ತಲ್ಲ. ಮುಂದೆ?"

ಎಲ್ಲ ಹೇಳಿದೆ. ಮಾತ್ರೆ, ಮೈಲುತುತ್ತ, ರಕ್ತ. ಏನೂ ಕಾಯಿಲೆ ಇಲ್ಲವೆಂದು ಕಾಗದ ತೋರಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಕಾಲು ಕೆಸರಿನಲ್ಲಿ ಇಳಿದಿತ್ತು, ಮಾತೂ ಹಾಗೆಯೇ. ಬೇಕರಿಯವಳು ಸುಳ್ಳು, ಉಳಿದವರೂ ಸುಳ್ಳು ಎಂದೆ.

ಅವಳು ನಕ್ಕಳು. "ಅದು ಇಡೀ ಊರಿಗೇ ಗೊತ್ತು. ಸಾಲ್ಹಾನೇ ಇಲ್ಲಿ ಚಿಪ್ಪು ಹೆಕ್ಕೋವಾಗ ಹೇಳಿ ಹೇಳಿ ನಗಿಸ್ತಿದ್ಲು. 'ನನ್ನ ಗಂಡ ರೊಟ್ಟಿ ಕೊಳ್ಳೋಕೂ ನಾಚ್ಕೋತಾನೆ, ಬೇಕರಿಯವಳನ್ನ ಎಲ್ಲಿ ಮಾತಾಡಿಸ್ತಾನೆ' ಅಂತ. ನಿಮ್ಮ ಬಾಯಿಗೆ ಬೇಜಾರಾಗದಿರ್ಲಿ ಅಂತ ಎಲ್ರೂ ಸುಮ್ನಿದ್ರು."

ಮೂವತ್ತು ವರ್ಷ! ಅವಮಾನವಾಗಬೇಕಿತ್ತು. ಆಗಲು ಹೊತ್ತಿರಲಿಲ್ಲ. "ಒಬ್ಬಳು ಮಾತ್ರ ನಿಜ," ಎಂದೆ. ಆ ಪತ್ರ, ಆ ಓಣಿ, ಎರಡು ಸಣ್ಣ ಕಲ್ಲುಗಳ ಮುಂದೆ ಕೂತದ್ದು, ಹೇಳಿದೆ.

ಅವಳ ನಗು ಹೋಯಿತು.

"ಸಾಲ್ಹಾಗೆ ಗೊತ್ತಿತ್ತಾ?"

"ಇಲ್ಲ."

"ಆ ಹೆಂಗಸಿನ ಹೆಸ್ರೇನು?"

"ಕೇಳ್ಲಿಲ್ಲ."

"ಹೆಸ್ರೂ ಕೇಳ್ಲಿಲ್ಲ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

ತಿರುಗಿ ಮತ್ತೆ ಚಿಪ್ಪು ಹೆಕ್ಕತೊಡಗಿದಳು. ನಾನು ಅಲ್ಲೇ ನಿಂತೆ. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ನೀರು ಮರಳಿ ಬರತೊಡಗಿ ಹೆಂಗಸರೆಲ್ಲ ದಡ ಸೇರಿದರು. ಬುಟ್ಟಿ ತುಂಬಿದ ಮೇಲೆ ಅವಳು ನೆಟ್ಟಗಾಗಿ, ಸೊಂಟದ ಮೇಲೆ ಕೈಯಿಟ್ಟು ಸಮುದ್ರ ನೋಡುತ್ತ ಹೇಳಿದಳು.

"ನನ್ನ ಪತ್ರ ಇನ್ನೂ ಆಗಿಲ್ಲ."

"ಯಾಕೆ? ಇಪ್ಪತ್ತೆಂಟು ನಾಡಿದ್ದೇ ಅಲ್ವಾ."

"ಮಗಳ ಹೆರಿಗೇಲಿ ಆಸ್ಪತ್ರೆಯವಳೊಬ್ಬಳು ತೊಡೆಗೆ ಹೊಡೆದು ಬೈದಿದ್ಲು. ಅವತ್ತಿಂದ ಇಪ್ಪತ್ತೆರಡು ವರ್ಷ ಯಾವ ವೈದ್ಯರ ಮುಂದೇನೂ ಮಲಗಿಲ್ಲ ನಾನು. ಗುಮಾಸ್ತಂಗೆ ದಿನಾ ಒಂದು ಸುಳ್ಳು ಹೇಳ್ತಿದೀನಿ." ಕುಡುಗೋಲಿನ ಕೆಸರು ಒರೆಸುತ್ತ ಕೇಳಿದಳು. "ನಿಮ್ಮ ಡಾಕ್ಟರಮ್ಮ ಬೈತಾರಾ?"

"ಬೈಯಲ್ಲ. ಕೇಳ್ತಾರೆ. ಆಮೇಲೆ ನಾವು ಹೇಳೋವರೆಗೂ ಸುಮ್ನೆ ಕೂತಿರ್ತಾರೆ."

"ಕೈ ತಣ್ಣಗಿರತ್ತಾ?"

"ಇಲ್ಲ. ಮುಟ್ಟೋ ಮುಂಚೆ ಉಜ್ಜಿ ಬೆಚ್ಚಗೆ ಮಾಡ್ಕೋತಾರೆ."

ನೀರು ಕಣಕಾಲಿಗೆ ಬಂದಿತ್ತು.

"ಹಾಗಾದ್ರೆ ನಾಳೆ ಬೆಳಿಗ್ಗೆ ಹೋಗೋಣ. ನೀವು ಹೊರಗೆ ಕೂತಿರ್ಬೇಕು. ಕೂತವ್ರ ಹತ್ರ ಒಂದು ಕಥೇನೂ ಹೊಡೀಬಾರ್ದು."

"ಇಲ್ಲ," ಎಂದೆ.

ಬುಟ್ಟಿಗೆ ಎರಡು ಹಿಡಿ. ಒಂದನ್ನು ತಾನು ಹಿಡಿದು, ಇನ್ನೊಂದನ್ನು ನನ್ನ ಕಡೆಗೆ ತಿರುಗಿಸಿದಳು.